ಬಾಲಿಕೆಯರೂ ಬಣ್ಣದ ಸೈನ್ಯವೂ

ಮೇಜಿನ ಮೇಲೆ ಆಡುವ ಯುದ್ಧದಾಟಗಳಿಗಾಗಿ ಅಂಗುಲದಷ್ಟೆತ್ತರದ ಆಳುಗಳನ್ನೂ, ಅವರಿಗಿಂತ ತುಸು ದೊಡ್ಡವಾದ ಕಾಲ್ಪನಿಕ ಮೃಗಗಳನ್ನೂ ತಂದು, ಒಂದೊಂದಕ್ಕೂ ತಾವೇ ಬಣ್ಣವಿಟ್ಟು ಸೈನ್ಯ ಕಟ್ಟುವ ವಿನೋದವು ಈಗ ಲೋಕದ ಅನೇಕ ಕಡೆಗಳಲ್ಲಿ ಹಬ್ಬಿರುವುದು. 1983ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ವಾರ್‌ಹ್ಯಾಮರ್ ಎಂಬ ಆಟವು ಇವುಗಳಲ್ಲಿ ಬಹು ಪ್ರಸಿದ್ಧವಾದುದು. ಮನೆಯ ಹುಡುಗಿಯು ಇದರಲ್ಲಿ ಮನಸ್ಸಿಟ್ಟರೆ ಹಿರಿಯರು ಮೂರು ಆಕ್ಷೇಪಗಳನ್ನು ಎತ್ತುವುದುಂಟು: ಇದು ಪರದೇಶದ ಹುಚ್ಚು, ಇದು ಗಂಡುಮಕ್ಕಳ ಆಟ, ಇದು ಬರಿಯ ಕಾಲಹರಣ. ಈ ಮೂರನ್ನೂ ಶಾಂತವಾಗಿ ವಿಚಾರಿಸಿ ನೋಡೋಣ.

ಪರದೇಶದ್ದೆಂಬ ಮಾತು ಅರ್ಧಸತ್ಯವು. ಆನೆ, ಕುದುರೆ, ಒಂಟೆಗಳನ್ನು ಮಣೆಯ ಮೇಲೆ ನಿಲ್ಲಿಸಿ ಕಾದಾಡಿಸುವ ಚದುರಂಗವು ನಮ್ಮದೇ ಅಲ್ಲವೇ? ಕಲ್ಪನೆಯ ಮೃಗಗಳಿಗೂ ನಮ್ಮಲ್ಲಿ ಬಡತನವಿಲ್ಲ. ಎರಡು ತಲೆಯ ಗಂಡಭೇರುಂಡವು ನಮ್ಮ ರಾಜ್ಯದ ಲಾಂಛನದಲ್ಲಿಯೇ ಇದೆ. ಹಂಪೆಯ ವಿಠ್ಠಲ ದೇವಾಲಯದ ಕಂಬಗಳಲ್ಲಿ ಯಾಳಿಗಳು ಮುಂಗಾಲೆತ್ತಿ ನಿಂತಿವೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರವಾದ ಮರದ ತುಂಡುಗಳನ್ನು ಅಂಟಿನಿಂದ ಜೋಡಿಸಿ, ಚಿಂದಿಬಟ್ಟೆಯನ್ನೂ ಹುಣಸೆಬೀಜದ ಸರಿಯನ್ನೂ ಹೊದಿಸಿ, ಬಿಳಿಯ ಲೇಪ ಕೊಟ್ಟ ಬಳಿಕವೇ ಬಣ್ಣವಿಡುವರು. ನಮ್ಮ ಬ್ರಹ್ಮಪುರದ ಶರಣಬಸವೇಶ್ವರರ ಜಾತ್ರೆಯಲ್ಲಿ ಮಕ್ಕಳಿಗೆ ಬೊಂಬೆ ಕೊಡಿಸದ ತಾಯ್ತಂದೆಗಳು ವಿರಳ. ಕೊಂಡ ಬೊಂಬೆಯು ಭೂಷಣವಾದರೆ, ಮಗಳೇ ಬಣ್ಣವಿಟ್ಟ ಬೊಂಬೆಯು ದೂಷಣವಾಗುವುದು ಹೇಗೆ?

ಇನ್ನು ಗಂಡುಮಕ್ಕಳ ಆಟವೆಂಬುದು. ಎಚ್. ಜಿ. ವೆಲ್ಸ್ ಎಂಬ ಆಂಗ್ಲ ಗ್ರಂಥಕರ್ತನು 1913ರಲ್ಲಿ ಆಟದ ಸೈನಿಕರ ಯುದ್ಧದ ಮೇಲೆ ಪುಸ್ತಕ ಬರೆದು, ಅದು ಹುಡುಗರಿಗೂ ಹುಡುಗರ ಆಟವನ್ನು ಮೆಚ್ಚುವಷ್ಟು ಬುದ್ಧಿಯುಳ್ಳ ಹುಡುಗಿಯರಿಗೂ ಮೀಸಲೆಂದು ಮುಖಪುಟದಲ್ಲಿ ಸೂಚಿಸಿದನು. ಈ ಹೊಗಳಿಕೆಯೊಳಗೆ ಉಳಿದ ಹುಡುಗಿಯರಿಗೊಂದು ಚುಚ್ಚುಮಾತೂ ಅಡಗಿದೆ. ಅವನಿಗಿಂತ ಬಹಳ ಹಿಂದೆ, 1826ರಲ್ಲಿ, ಯಾರ್ಕ್‌ಷೈರಿನ ಪಾದ್ರಿ ಬ್ರಾಂಟೆಯವರು ಮಗನಿಗೆಂದು ಮರದ ಸೈನಿಕರ ಪೆಟ್ಟಿಗೆಯನ್ನು ತಂದರು. ಹೆಣ್ಣುಮಕ್ಕಳೂ ಒಂದೊಂದನ್ನು ಆರಿಸಿಕೊಂಡು ಹೆಸರಿಟ್ಟು, ಆ ಬೊಂಬೆಗಳ ಸುತ್ತ ರಾಜ್ಯಗಳನ್ನೇ ಕಲ್ಪಿಸಿ ವರುಷಗಟ್ಟಲೆ ಕಥೆ ಹೆಣೆದರು. ಅವರಲ್ಲಿ ಷಾರ್ಲೆಟ್ ಎಂಬಾಕೆಯೇ 1847ರಲ್ಲಿ ‘ಜೇನ್ ಐರ್’ ಕಾದಂಬರಿಯನ್ನು ಲೋಕಕ್ಕೆ ಕೊಟ್ಟಳು.

ಕಾಲಹರಣವೆನ್ನುವವರು ಒಂದು ಸಂಜೆ ಪಕ್ಕದಲ್ಲಿ ಕುಳಿತು ನೋಡಲಿ. ಮೊದಲು ಬೊಂಬೆಯನ್ನು ಸಾಬೂನಿನ ನೀರಿನಲ್ಲಿ ತೊಳೆದು, ಅಚ್ಚಿನ ಗೆರೆಗಳನ್ನು ಅರದಿಂದ ಉಜ್ಜಿ, ಬಣ್ಣ ಹಿಡಿಯುವಂತೆ ತೆಳುಲೇಪ ಕೊಡಬೇಕು. ಮೂಲವರ್ಣವು ಒಣಗಿದ ಮೇಲೆ ತೆಳುವಾಗಿ ಕದಡಿದ ಕಡುಬಣ್ಣವನ್ನು ಹರಿಸಿದರೆ ಅದು ತಗ್ಗುಗಳಲ್ಲಿ ನಿಂತು ನೆರಳಾಗುವುದು. ಅನಂತರ, ಬಣ್ಣದ ಬಹುಪಾಲನ್ನು ಬಟ್ಟೆಗೆ ಒರಸಿದ ಕುಂಚದಿಂದ ಮೆಲ್ಲಗೆ ಸವರಿದರೆ ರೋಮವೂ ಗರಿಯೂ ಎದ್ದು ಕಾಣುವುವು. ಆತುರಪಟ್ಟವಳ ಕೆಲಸವು ಕೆಟ್ಟಿತೆಂದೇ ತಿಳಿಯಬೇಕು. ಅಲ್ಲದೆ, ಯಾರೂ ಕಾಣದ ಮೃಗಕ್ಕೆ ಜೀವಕಳೆ ಬರಬೇಕಾದರೆ ಕಂಡ ಪ್ರಾಣಿಗಳನ್ನೇ ಚೆನ್ನಾಗಿ ನೋಡಿರಬೇಕು. ಹಲ್ಲಿಯ ಹೊಟ್ಟೆಯು ಬೆನ್ನಿಗಿಂತ ತಿಳಿಯಾಗಿರುವುದನ್ನು ಗಮನಿಸದವಳು ಘಟಸರ್ಪಕ್ಕೆ ಬಣ್ಣ ಬಳಿಯಲಾರಳು.

ಈ ಬೊಂಬೆಗಳು ಅಗ್ಗವಲ್ಲವೆಂಬುದು ಮಾತ್ರ ನಿಜ. ಆದರೆ ಜೇಡಿಮಣ್ಣಿಗೂ ಮರದ ಚೂರಿಗೂ ಹಣ ಬೇಕಿಲ್ಲ. ಕಲಿಯುವ ಕೈಗೆ ಅವು ಸಾಕು.

ತಂದೆತಾಯಿಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಪರೀಕ್ಷೆಯ ವರುಷ ಬಂದೊಡನೆ ಮಗನ ಕ್ರಿಕೆಟ್ ಬ್ಯಾಟು ಬಾಗಿಲ ಹಿಂದೆಯೇ ನಿಂತಿರುವಾಗ, ಮಗಳ ಕುಂಚದ ಪೆಟ್ಟಿಗೆ ಮಾತ್ರ ಅಟ್ಟವೇರುವುದು ನ್ಯಾಯವಲ್ಲ. ಹಾಗೆ ಅಟ್ಟವೇರಿದ ಪೆಟ್ಟಿಗೆಗಳು ನಮ್ಮ ಹಳೆಯ ವಿದ್ಯಾರ್ಥಿನಿಯರ ಮನೆಗಳಲ್ಲಿಯೂ ಇರಬಹುದು. ಅವರು ಅವನ್ನು ಇಳಿಸಲಿ; ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲಿ.