ಕಡಲ ವರ್ಣನೆಯಲ್ಲಿ ಅಂಬಿಗನೆಲ್ಲಿ?

ನಮ್ಮ ಪ್ರಾಚೀನ ಆಲಂಕಾರಿಕರು ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳನ್ನು ವಿಧಿಸಿದರೆಂಬುದು ಕನ್ನಡ ವಿದ್ಯಾರ್ಥಿಗಳೆಲ್ಲರೂ ಬಲ್ಲ ಸಂಗತಿ. ದಂಡಿಯ ಕಾವ್ಯಾದರ್ಶದಲ್ಲಿ ನಗರದ ಬೆನ್ನಿಗೇ ಸಮುದ್ರದ ಹೆಸರು ಬರುತ್ತದೆ. ಆ ಗ್ರಂಥದಿಂದ ಬಹಳಷ್ಟನ್ನು ಪಡೆದು ಸುಮಾರು 850ರಲ್ಲಿ ರಚಿತವಾದ ಕವಿರಾಜಮಾರ್ಗದ ಕಾಲದಿಂದ ನಮ್ಮ ಕವಿಗಳೂ ಈ ಮರ್ಯಾದೆಯನ್ನು ಶ್ರದ್ಧೆಯಿಂದ ಪಾಲಿಸಿಕೊಂಡು ಬಂದರು.

ವಿದ್ವತ್ ಪರೀಕ್ಷೆಗಾಗಿ ಈ ಹದಿನೆಂಟನ್ನೂ ಕಂಠಸ್ಥ ಮಾಡಿದವನು ನಾನು. ಬಯಲುಸೀಮೆಯಲ್ಲಿ ಹುಟ್ಟಿದ ನಾನು ಕಡಲನ್ನು ಕಣ್ಣಾರೆ ಕಾಣುವುದಕ್ಕೆ ಮೊದಲೇ ಎಷ್ಟೋ ವರ್ಷ ಅದರ ವರ್ಣನೆಯನ್ನು ತರಗತಿಯಲ್ಲಿ ಬೋಧಿಸಿದೆನೆಂಬುದನ್ನು ಸಂಕೋಚದಿಂದಲೇ ಒಪ್ಪಿಕೊಳ್ಳಬೇಕು. ಬಡಬಾನಲ, ಮೈನಾಕ, ಮಂದರಮಥನ, ಅಗಸ್ತ್ಯರ ಆಪೋಶನ ಇವನ್ನೆಲ್ಲ ನಿರರ್ಗಳವಾಗಿ ವಿವರಿಸುತ್ತಿದ್ದೆ. ಒಂದು ದಿನ, ಕರಾವಳಿಯ ಕಡೆಯಿಂದ ಬಂದು ಪ್ರಸಾದನಿಲಯದಲ್ಲಿದ್ದ ಬಾಲಕನೊಬ್ಬನು ಎದ್ದು ನಿಂತು, “ಗುರುಗಳೇ, ಈ ಸಮುದ್ರದಲ್ಲಿ ದೋಣಿಯವರು ಯಾರೂ ಇಲ್ಲವೆ?” ಎಂದು ಕೇಳಿದನು. ತರಗತಿ ನಕ್ಕಿತು, ನನಗೆ ನಗಲಾಗಲಿಲ್ಲ. ಅಂದು ಸಂಜೆ ಪಾಠದ ಪದ್ಯಗಳನ್ನು ಮತ್ತೊಮ್ಮೆ ತೆಗೆದು ನೋಡಿದೆ. ಮಕರವಿತ್ತು, ಮುತ್ತಿತ್ತು, ಹವಳವಿತ್ತು. ಹುಟ್ಟು ಹಾಕುವ ಕೈಗಳು ಎಲ್ಲಿಯೂ ಇರಲಿಲ್ಲ.

ಕಾವ್ಯಸಮುದ್ರವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಗಾಂಭೀರ್ಯ, ಅಗಾಧತೆ, ಮರ್ಯಾದೆ ಮೀರದಿರುವಿಕೆ ಮುಂತಾದ ಗುಣಗಳಿಗೆ ಅದಕ್ಕಿಂತ ಮಿಗಿಲಾದ ಉಪಮಾನ ನಮ್ಮ ಕವಿಗಳಿಗೆ ದೊರೆಯಲಿಲ್ಲ. ಆದರೆ ಅದನ್ನೇ ಕಡಲಿನ ಪೂರ್ಣಚಿತ್ರವೆಂದು ಮಕ್ಕಳಿಗೆ ಕೊಟ್ಟರೆ, ಕಡಲನ್ನೇ ನಂಬಿ ಬದುಕಿದವರನ್ನು ಅದರಿಂದ ಅಳಿಸಿ ಕೊಟ್ಟಂತಾಗುತ್ತದೆ. ನಾವು ಉಪಾಧ್ಯಾಯರು ಈ ತಪ್ಪನ್ನು ಬಹುಕಾಲ ಮಾಡಿದ್ದೇವೆಂಬುದು ನನ್ನ ಅಭಿಪ್ರಾಯ.

ಕಡಲಯಾನ ನಮ್ಮ ನಾಡಿಗೆ ಪರಕೀಯವಾಗಿತ್ತೆ? ಖಂಡಿತ ಇಲ್ಲ. 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ಇಮ್ಮಡಿ ಪುಲಕೇಶಿಯು ಪಡುವಣ ಕಡಲಿನ ಪುರಿಯನ್ನು ನೂರಾರು ಹಡಗುಗಳಿಂದ ಮುತ್ತಿದುದನ್ನು ಹೇಳಿದ್ದಾನೆ. ಧಾರವಾಡದ ಸಮೀಪದ ನರೇಂದ್ರ ಗ್ರಾಮದ 1125ರ ಶಾಸನವು ಗೋವೆಯ ಕದಂಬರ ಚಟ್ಟಯ್ಯದೇವನು ಲಂಕೆಯವರೆಗೆ ಹಡಗುಗಳ ಸಾಲನ್ನೇ ಸೇತುವೆಯಾಗಿ ಕಟ್ಟಿದನೆಂದು ಕೊಂಡಾಡುತ್ತದೆ. ಅತಿಶಯೋಕ್ತಿಯನ್ನು ಕಳೆದರೂ ಹಡಗುಪಡೆಯ ನೆನಪು ಉಳಿಯುತ್ತದೆ. ಆದರೆ ಈ ಎರಡು ಕಡೆಯೂ ಕೀರ್ತಿ ಸಂದದ್ದು ಅರಸನಿಗೆ, ನಾವಿಕನಿಗಲ್ಲ.

ಕವಿ ಮರೆತವನನ್ನು ಕಲ್ಲುಕುಟಿಗ ಮರೆಯಲಿಲ್ಲ. ಗೋವೆಯಲ್ಲಿ ದೊರೆತ ಕದಂಬರ ಕಾಲದ ವೀರಗಲ್ಲುಗಳಲ್ಲಿಯೂ ಮುಂಬಯಿಯ ಬೋರಿವಲಿಯ ಬಳಿಯ ಏಕ್ಸರದ ವೀರಗಲ್ಲುಗಳಲ್ಲಿಯೂ ನೌಕಾಯುದ್ಧದ ದೃಶ್ಯಗಳಿವೆ. ಏಕ್ಸರದ ಕಲ್ಲುಗಳಲ್ಲಿ ಮೂತಿಯೆತ್ತಿದ ಹಡಗುಗಳಿವೆ, ಕೂವೆಮರಗಳಿವೆ, ಸಾಲಾಗಿ ಚಾಚಿದ ಹುಟ್ಟುಗಳಿವೆ. ಕೆಳಗೆ ಕಾಳಗ, ಮೇಲಣ ಅಂಕಣದಲ್ಲಿ ಕೈಲಾಸ ಮತ್ತು ಶಿವಲಿಂಗದ ಪೂಜೆ. ನೀರಿನಲ್ಲಿ ಮಡಿದವನಿಗೂ ನೆಲದಲ್ಲಿ ಮಡಿದವನಿಗೂ ಒಂದೇ ಪದವಿಯೆಂದು ಆ ಶಿಲ್ಪಿ ಬಗೆದನು.

ಇನ್ನು ನಮ್ಮ ವಚನಗಳ ಕಡೆಗೆ ನೋಡೋಣ. ಸಂಸಾರವನ್ನು ಸಾಗರವೆಂದು ಕರೆಯುವುದು ಭಾರತದ ಎಲ್ಲ ಪಂಥಗಳಿಗೂ ಸಮಾನವಾದ ರೂಪಕ. ಹನ್ನೆರಡನೆಯ ಶತಮಾನದಲ್ಲಿ ಅದೇ ರೂಪಕವನ್ನು ಒಬ್ಬ ನಿಜವಾದ ಅಂಬಿಗನು ಕೈಗೆತ್ತಿಕೊಂಡನು. ಅಂಬಿಗರ ಚೌಡಯ್ಯನವರ ಹೆಸರು ತುಂಗಭದ್ರೆಯ ತಡಿಯ ಚೌಡದಾನಪುರದೊಡನೆ ಬೆಸೆದುಕೊಂಡಿದೆ. ಇತರ ಶರಣರು ಇಷ್ಟದೈವದ ಹೆಸರನ್ನು ಅಂಕಿತವಾಗಿಸಿಕೊಂಡರೆ, ಇವರು ಕಾಯಕಸಹಿತವಾದ ತಮ್ಮ ಹೆಸರನ್ನೇ ಅಂಕಿತವಾಗಿಸಿಕೊಂಡರು. ಅವರು ಹುಟ್ಟು ಹಾಕಿದ್ದು ಹೊಳೆಯಲ್ಲಿ, ಕಡಲಿನಲ್ಲಲ್ಲ. ಆದರೂ ದಾಟಿಸುತ್ತೇನೆಂದು ಅವರು ಹೇಳಿದಾಗ ಆ ಮಾತಿನ ಹಿಂದೆ ತೋಳಿನ ನೋವಿದೆ, ಸುಳಿಯ ಅರಿವಿದೆ. ರೂಪಕಕ್ಕೆ ಪ್ರಾಣ ಬರುವುದು ಅನುಭವದಿಂದ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಹೊಸಗನ್ನಡದಲ್ಲಿ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ (1941) ಕಾದಂಬರಿಯು ಕಡಲನ್ನು ಮನೆಯಂಗಳದ ನೆರೆಯಾಗಿ ತಂದಿತು. ಕೋಡಿ ಎಂಬ ಊರಿನ ಮೂರು ತಲೆಮಾರುಗಳ ಕಿವಿಯಲ್ಲಿ ಅಲೆಗಳ ಮೊರೆತ ನಿಲ್ಲುವುದೇ ಇಲ್ಲ. ಆದರೂ ಆ ಮನೆಯವರು ಬೇಸಾಯಗಾರರು. ಕಡಲನ್ನು ದಡದಿಂದ ನೋಡುವವರು. ಕಡಲಿನೊಳಗಿನಿಂದ ದಡವನ್ನು ನೋಡುವವನ ಮಾತು ನಮ್ಮ ಪಠ್ಯಗಳಿಗೆ ಇನ್ನೂ ಸಾಕಷ್ಟು ಬಂದಿಲ್ಲ.

ಅವನ ಮಾತು ಕಾಯುವುದಿಲ್ಲವೆಂಬುದೇ ನನ್ನ ಆತಂಕ. ಕರ್ನಾಟಕಕ್ಕೆ 300 ಕಿಲೋಮೀಟರಿಗೂ ಮೀರಿದ ಕರಾವಳಿಯುಂಟು. ಊರಿಗೆ ಊರೇ ಸೇರಿ ದಡಕ್ಕೆ ಎಳೆಯುತ್ತಿದ್ದ ರಂಪಣಿ ಬಲೆಯು 1970ರ ದಶಕದ ಕೊನೆಯ ಭಾಗದಿಂದ ಯಾಂತ್ರಿಕ ದೋಣಿಗಳ ಮುಂದೆ ಹಿಂದೆ ಸರಿಯಿತು. ಬಲೆ ಹೋದಾಗ ಬಲೆಯ ಭಾಗಗಳ ಹೆಸರುಗಳೂ, ಎಳೆಯುವಾಗಿನ ಹಾಡುಗಳೂ ಅದರ ಹಿಂದೆಯೇ ಹೋಗುತ್ತವೆ. ಇತ್ತ ನಾವು ‘ಆಡಳಿತದ ಚುಕ್ಕಾಣಿ’ ಎಂದು ದಿನವೂ ಬರೆಯುತ್ತೇವೆ. ಚುಕ್ಕಾಣಿಯು ಅರಬ್ಬೀ ಮೂಲದ್ದು, ಲಂಗರು ಪಾರಸಿಯದು. ಪಡುವಣ ಕಡಲಿನ ವ್ಯಾಪಾರವೇ ಇಂಥ ಶಬ್ದಗಳನ್ನು ನಮ್ಮ ದಡಕ್ಕೆ ತಂದಿತು. ಚುಕ್ಕಾಣಿಯನ್ನು ಮುಟ್ಟಿದವರ ಶಬ್ದಭಾಂಡಾರವನ್ನು ಮಾತ್ರ ನಾವು ಕೇಳಲಿಲ್ಲ.

ಆದುದರಿಂದ ಈ ಸಂಸ್ಥೆಯ ಹಿತೈಷಿಗಳಲ್ಲಿ ನನ್ನದೊಂದು ವಿನಂತಿ. ಸಮುದ್ರವರ್ಣನೆಯ ಪದ್ಯವನ್ನು ಬೋಧಿಸುವ ಉಪಾಧ್ಯಾಯರು ಅದರ ಪಕ್ಕದಲ್ಲಿ ಚೌಡಯ್ಯನವರ ಒಂದು ವಚನವನ್ನೂ ವೀರಗಲ್ಲಿನ ಒಂದು ಚಿತ್ರವನ್ನೂ ಇರಿಸಲಿ. ಕಾರವಾರ, ಹೊನ್ನಾವರ, ಮಲ್ಪೆಗಳಲ್ಲಿ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಗಳು ಅಲ್ಲಿಯ ಹಿರಿಯ ಬೆಸ್ತರಿಂದ ದೋಣಿ, ಬಲೆ, ಗಾಳಿ, ನೀರುಗಳ ಹೆಸರುಗಳನ್ನು ಕೇಳಿ ಬರೆದು ಕಳುಹಿಸಲಿ. ದಾನಿಗಳು ವರ್ಷಕ್ಕೊಮ್ಮೆ ಒಂದು ತರಗತಿಯನ್ನು ಕಡಲ ದಡಕ್ಕೆ ಕಳುಹಿಸುವ ವ್ಯವಸ್ಥೆ ಮಾಡಿದರೆ, ಅದು ಕಟ್ಟಡದ ದಾನಕ್ಕೆ ಕಡಿಮೆಯಾದುದಲ್ಲ.

ಆ ಬಾಲಕನಿಗೆ ಅಂದು ನಾನು ಉತ್ತರ ಕೊಡಲಿಲ್ಲ. ಗಂಟೆ ಬಾರಿಸಿತೆಂಬುದೇ ನನಗೆ ಆಸರೆಯಾಯಿತು. ಅವನಿಗೆ ಸಲ್ಲಬೇಕಾದ ಉತ್ತರದ ಒಂದಂಶವನ್ನು ಇಲ್ಲಿ ಬರೆದಿದ್ದೇನೆ. ಉಳಿದುದನ್ನು ಅವನಂಥ ಮಕ್ಕಳೇ ತಮ್ಮ ಮನೆಗಳಿಂದ ತಂದು ನಮಗೆ ಕಲಿಸಬೇಕಾಗಿದೆ.