ಸಸಿ ಕಂಬವಲ್ಲ

ಮಕ್ಕಳೇ, ಕುಂದಾಪುರದ ಪಂಚಗಂಗಾವಳಿಯ ದಡದಲ್ಲಿ ಕಾಂಡ್ಲಾ ಗಿಡಗಳನ್ನು ನೀವು ನೋಡಿರಬಹುದು. ಬ್ರಹ್ಮಾವರದ ಕಡೆಯವರಿಗೆ ಸೀತಾನದಿಯ ಅಳಿವೆಯಲ್ಲೂ ಅವು ಕಾಣಸಿಗುತ್ತವೆ. ಉಬ್ಬರದ ನೀರು ಒಳಬರುವಾಗ ಎಳೆಯ ಸಸಿ ಒಂದು ಕಡೆಗೆ ಬಾಗುತ್ತದೆ, ಇಳಿತದಲ್ಲಿ ಇನ್ನೊಂದು ಕಡೆಗೆ. ಬೈಂದೂರು ತಾಲೂಕಿನ ಮರವಂತೆಯಲ್ಲಿ ಕಡಲಿಗೆ ಅಡ್ಡವಾಗಿ ಹಾಕಿದ ಕಲ್ಲಾದರೋ ಅಲೆ ಬಡಿದರೂ ಬಾಗುವುದಿಲ್ಲ.

ಕಲ್ಲಿನ ಸುತ್ತ ನೀರು ಹೇಗೆ ಹರಿಯುತ್ತದೆಂದು ಲೆಕ್ಕ ಹಾಕುವುದೇ ಕಷ್ಟ. ಸಸಿಯದು ಇನ್ನೂ ತೊಡಕು. ನೀರು ತಳ್ಳಿದರೆ ಸಸಿ ಬಾಗುತ್ತದೆ. ಅದು ಬಾಗಿದೊಡನೆ ನೀರಿನ ದಾರಿ ಬದಲಾಗುತ್ತದೆ. ದಾರಿ ಬದಲಾದರೆ ತಳ್ಳುವ ಬಲವೂ ಬೇರೆಯಾಗುತ್ತದೆ. ಹಾಗಾದರೆ ಯಾವುದನ್ನು ಮೊದಲು ಲೆಕ್ಕ ಹಾಕುವುದು? ಗಣಕಯಂತ್ರವು ಕಾಲವನ್ನು ಸೆಕೆಂಡಿನ ಸಣ್ಣ ಸಣ್ಣ ಚೂರುಗಳಾಗಿ ಮಾಡಿಕೊಳ್ಳುತ್ತದೆ. ಒಂದೊಂದು ಚೂರಿನಲ್ಲೂ ನೀರು, ಸಸಿ ಎರಡರ ಲೆಕ್ಕವನ್ನೂ ಮಾಡುತ್ತ ಮುಂದೆ ಸಾಗುತ್ತದೆ. ಇದೇ ಸಿಮ್ಯುಲೇಶನ್, ಅಂದರೆ ಅನುಕರಣೆ. 1972ರಲ್ಲಿ ಅಮೆರಿಕದ ಚಾರ್ಲ್ಸ್ ಪೆಸ್ಕಿನ್ ಇಂಥದೊಂದು ವಿಧಾನವನ್ನು ಪ್ರಕಟಿಸಿದರು. ಅವರು ಲೆಕ್ಕ ಹಾಕಿದ್ದು ಗಿಡವನ್ನಲ್ಲ, ಹೃದಯದ ಕವಾಟವನ್ನು! ಅದೂ ರಕ್ತದ ಹರಿವಿಗೆ ಬಾಗುವ ಮೆತ್ತನೆಯ ಪದರವೇ ತಾನೆ?

ಪರದೆಯ ಮೇಲೆ ಮೂಡುವ ಬಣ್ಣದ ಚಿತ್ರ ನೋಡಲು ಬಲು ಚೆಂದ. ಅದನ್ನು ಕಣ್ಣುಮುಚ್ಚಿ ನಂಬಬಾರದು ಎಂಬುದು ನನ್ನ ಅಭಿಪ್ರಾಯ. ಕಾಂಡ್ಲಾ ಕಾಡಿನ ಲೆಕ್ಕಗಳಲ್ಲಿ ಎಷ್ಟೋ ಸಲ ಗಿಡವನ್ನು ಅಲುಗದ ಕಂಬವೆಂದೇ ಇಟ್ಟುಕೊಳ್ಳುತ್ತಾರೆ. ಕೆಲಸ ಸುಲಭವಾಗುತ್ತದಲ್ಲ! ಬಲಿತ ಮರದ ಗಟ್ಟಿ ಬೇರಿಗೆ ಇದು ನಡೆದೀತು. ಹೊಸದಾಗಿ ನೆಟ್ಟ ಸಸಿಗೆ ನಡೆಯದು. ಬಾಗಿದ ಸಸಿ ನೀರನ್ನು ಕಂಬದಷ್ಟು ತಡೆಯುವುದಿಲ್ಲ. ಕಂಬವೆಂದು ಎಣಿಸಿದರೆ ದಡ ಭದ್ರವಾಗಿದೆ ಎಂದು ಯಂತ್ರ ಹೇಳೀತು. ಮಳೆಗಾಲದ ಹೊಳೆ ಆ ಮಾತನ್ನು ಕೇಳಬೇಕಲ್ಲ? ದಡ ಕುಸಿದರೆ ಯಾರದೋ ತೆಂಗಿನಮರಗಳೂ ಹೋಗುತ್ತವೆ.

ಸಸಿ ಎಷ್ಟು ಬಾಗುತ್ತದೆಂಬುದು ಯಂತ್ರಕ್ಕೆ ತಾನಾಗಿ ತಿಳಿಯದು. ಯಾರಾದರೂ ಅಳೆದು ಹೇಳಬೇಕು. ಅಳೆಯುವುದನ್ನು ನೀವು ಈಗಲೇ ಕಲಿಯಬಹುದು. ಶಾಲೆಯ ಕೈತೋಟದಲ್ಲಿ ದಾಸವಾಳದ ಒಂದು ಎಳೆಯ ಟೊಂಗೆಯನ್ನೂ ಒಂದು ಬಲಿತ ಟೊಂಗೆಯನ್ನೂ ಆರಿಸಿ. ತುದಿಗೆ ದಾರ ಕಟ್ಟಿ 10, 20, 50 ಗ್ರಾಂ ತೂಕದ ಬಟ್ಟುಗಳನ್ನು ಒಂದಾದ ಮೇಲೊಂದು ತೂಗುಬಿಡಿ. ತುದಿ ಎಷ್ಟು ಸೆಂಟಿಮೀಟರ್ ಕೆಳಗಿಳಿಯಿತು ಎಂದು ಅಳತೆಪಟ್ಟಿಯಿಂದ ನೋಡಿ ಬರೆದಿಡಿ. ಎರಡೂ ಟೊಂಗೆಗಳ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಗುರುಗಳಿಗೆ ತೋರಿಸಿ. ಹೊಳೆ ದಡದ ಕಾಂಡ್ಲಾ ಸಸಿಯನ್ನು ಮಾತ್ರ ಕೀಳಬೇಡಿ, ಅದು ಬೇರು ಬಿಡಲಿ.