ತಿದ್ದಬೇಕಾದದ್ದು ಮಗುವಿನ ನಾಲಗೆಯನ್ನಲ್ಲ

ಮೂರು ವರ್ಷದ ಮಗು ‘ರೊಟ್ಟಿ’ಯನ್ನು ‘ಲೊಟ್ಟಿ’ ಎಂದರೆ ಮನೆಮಂದಿಗೆಲ್ಲ ಮುದ್ದು. ಅದೇ ಮಗು ಶಾಲೆಗೆ ಸೇರಿದ ಮೇಲೆ ‘ಹಾಲು’ ಎನ್ನದೆ ‘ಆಲು’ ಎಂದರೆ ತರಗತಿಗೆಲ್ಲ ನಗು, ಮೇಷ್ಟ್ರಿಗೆ ಸಿಟ್ಟು. ಹುಟ್ಟಿನಿಂದ ಕಿವಿ ಕೇಳದೆ ಮಾತೇ ಬಾರದ ಮಗುವಿಗೆ ಮಾತ್ರ ‘ಇನ್ನೊಂದಿಷ್ಟು ದಿನ ಕಾಯೋಣ’ ಎಂಬ ಸಮಾಧಾನ. ಮಕ್ಕಳ ಮಾತನ್ನೇ ಅಧ್ಯಯನ ಮಾಡುತ್ತಿರುವ ನನ್ನ ತಕರಾರು ಇದು: ಬೆಳವಣಿಗೆ, ಊರಿನ ಮಾತು, ತೊಂದರೆ ಈ ಮೂರನ್ನೂ ನಾವು ಕಲಸಿಬಿಟ್ಟಿದ್ದೇವೆ.

‘ಲೊಟ್ಟಿ’ ಎನ್ನುವುದು ಬೆಳವಣಿಗೆ. ತುಟಿ ಕೂಡಿಸಿದರೆ ಸಾಕಾಗುವ ಪ, ಬ, ಮ ಬೇಗ ಬರುತ್ತವೆ. ನಾಲಗೆಯ ತುದಿ ಅದುರಬೇಕಾದ ರ, ಗಾಳಿಯನ್ನು ಸಣ್ಣ ಸಂದಿಯಲ್ಲಿ ಹದವಾಗಿ ಹಾಯಿಸಬೇಕಾದ ಶ ಸಾಮಾನ್ಯವಾಗಿ ತಡ. ರೋಮನ್ ಯಾಕಬ್‌ಸನ್ 1941ರಲ್ಲೇ ಇಂಥದೊಂದು ಕ್ರಮವನ್ನು ಮುಂದಿಟ್ಟಿದ್ದರು. ಅವರು ಹೇಳಿದ್ದಕ್ಕಿಂತ ಹೆಚ್ಚು ವ್ಯತ್ಯಾಸ ಮಗುವಿನಿಂದ ಮಗುವಿಗೆ ಇದೆಯೆಂದು ಆಮೇಲೆ ತಿಳಿಯಿತು. ಆದರೂ ‘ರ’ಕ್ಕೆ ಕಾಯಬೇಕೆಂಬ ಮಾತು ಹಾಗೇ ಉಳಿದಿದೆ. ಆ ಮಗುವಿನೆದುರು ನೀವೇ ‘ಲೊಟ್ಟಿ’ ಎಂದು ನೋಡಿ, ಎಷ್ಟೋ ಸಲ ಅದು ಒಪ್ಪುವುದಿಲ್ಲ. ಕಿವಿ ಕಲಿತದ್ದನ್ನು ನಾಲಗೆ ಇನ್ನೂ ಕಲಿಯುತ್ತಿದೆ, ಅಷ್ಟೆ.

‘ಆಲು’ ಹಾಗಲ್ಲ. ಅದು ಮನೆಯಲ್ಲಿ ಕೇಳಿದ್ದನ್ನು ಸರಿಯಾಗಿ ಕಲಿತ ಮಗುವಿನ ಮಾತು. ಈ ಕಲಿಕೆ ತೊಟ್ಟಿಲಿನಿಂದಲೇ ಶುರುವಾಗುತ್ತದೆ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮಾತಾಡುವ ಮನೆಗಳ 6–8 ತಿಂಗಳ ಕೂಸುಗಳು ಹಿಂದಿಯ ತ–ಟ ವ್ಯತ್ಯಾಸವನ್ನು ಗುರುತಿಸಿದವು. 10–12 ತಿಂಗಳಿನ ಕೂಸುಗಳಲ್ಲಿ ಅದು ಬಹುಮಟ್ಟಿಗೆ ಕುಗ್ಗಿತ್ತು. ಅಂದರೆ ಮಗು ತನ್ನ ಸುತ್ತಲಿನವರ ಮಾತಿಗೆ ಕಿವಿಯನ್ನು ಅಷ್ಟು ಬೇಗ ಹೊಂದಿಸಿಕೊಳ್ಳುತ್ತದೆ. ಹಳೆ ಮೈಸೂರಿನ ಎಷ್ಟೋ ಮನೆಗಳಲ್ಲಿ ‘ಹ’ ಇಲ್ಲ. ಬಹುಪಾಲು ಕನ್ನಡಿಗರ ಆಡುಮಾತಿನಲ್ಲಿ ಮಹಾಪ್ರಾಣಗಳಿಲ್ಲ ಎಂದು ಡಿ.ಎನ್. ಶಂಕರ ಭಟ್ಟರು ಮತ್ತೆ ಮತ್ತೆ ಬರೆದಿದ್ದಾರೆ. ಹಳಗನ್ನಡದ ‘ಪಾಲ್’ ‘ಹಾಲು’ ಆದದ್ದನ್ನು ಭಾಷೆಯ ಚರಿತ್ರೆ ಎಂದು ಪರೀಕ್ಷೆಗೆ ಓದುವ ನಾವು, ‘ಹಾಲು’ ‘ಆಲು’ ಆದರೆ ದೋಷ ಎನ್ನುತ್ತೇವೆ. ಯಾರ ಮನೆಯ ಮಾತು ಎಂಬುದರ ಮೇಲೆ ನಮ್ಮ ವ್ಯಾಕರಣ ನಿಂತಿದೆ.

ಹಾಗಾದರೆ ಶಿಷ್ಟ ಕನ್ನಡ ಕಲಿಸಬಾರದೇ ಎಂದು ಕೇಳುವವರಿದ್ದಾರೆ. ಖಂಡಿತ ಕಲಿಸಿ. ಓದು, ಬರಹ, ನೌಕರಿಗೆ ಅದು ಬೇಕು. ಆದರೆ ‘ಬರೆಯುವಾಗ ಹೀಗೆ’ ಎಂದು ಕಲಿಸುವುದು ಬೇರೆ, ‘ನಿಮ್ಮವ್ವನ ಮಾತೇ ತಪ್ಪು’ ಎಂದು ನಾಚಿಸುವುದು ಬೇರೆ. ನಾಚಿಕೊಂಡ ಮಗು ‘ಹ’ ಕಲಿಯುವ ಬದಲು ತರಗತಿಯಲ್ಲಿ ಬಾಯಿ ತೆರೆಯುವುದನ್ನೇ ಬಿಡುತ್ತದೆ.

ಇಷ್ಟೆಲ್ಲ ತಿದ್ದುವ ಉತ್ಸಾಹ ನಿಜವಾದ ತೊಂದರೆಯ ಮುಂದೆ ಮಾಯವಾಗುತ್ತದೆ. ವರ್ಷ ತುಂಬುತ್ತ ಬಂದರೂ ‘ಬಬ್ಬಬ್ಬ’, ‘ದದ್ದದ್ದ’ ಎನ್ನದ, ಹೆಸರು ಕರೆದರೆ ತಿರುಗದ ಮಗುವಿಗೆ ಸಿಗುವುದು ನಾಲಗೆಗೆ ಬಜೆ ತಿಕ್ಕುವ ಸಲಹೆ, ‘ಅವರಪ್ಪನೂ ತಡವಾಗಿಯೇ ಮಾತಾಡಿದ್ದು’ ಎಂಬ ಸಮಜಾಯಿಷಿ. ಆ ಮಗುವಿಗೆ ಬೇಕಾದದ್ದು ಕಿವಿಯ ಪರೀಕ್ಷೆ, ಅದೂ ತಡಮಾಡದೆ. ಮೈಸೂರಿನಲ್ಲಿ ಇದಕ್ಕೆಂದೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಮಾತು ಕಲಿಯುವ ವಯಸ್ಸಿನಲ್ಲಿ ತಿಂಗಳುಗಳೂ ಲೆಕ್ಕಕ್ಕೆ ಬರುತ್ತವೆ.

ಇದನ್ನು ಓದುತ್ತಿರುವ ಹಲವರು ನಾಳೆ ಶಾಲೆ, ಕಾಲೇಜುಗಳಲ್ಲಿ ಪಾಠ ಮಾಡುವವರು. ಮಗುವನ್ನು ತಿದ್ದುವ ಮುನ್ನ ಮೂರೇ ಪ್ರಶ್ನೆ ಕೇಳಿಕೊಳ್ಳಿ: ಅದರ ವಯಸ್ಸೆಷ್ಟು? ಮನೆಯಲ್ಲಿ ಈ ಪದವನ್ನು ಹೇಗೆ ಆಡುತ್ತಾರೆ? ಅದಕ್ಕೆ ಕಿವಿ ಸರಿಯಾಗಿ ಕೇಳಿಸುತ್ತಿದೆಯೇ?